ಮಧ್ಯಾಹ್ನ ಕೇಳಿದ ಗಂಡುಸ್ವರ

ದಮ್ಮಾಮ್
12 ಜನವರಿ 1999

ಪ್ರೀತಿಯ ಶಹನಾಝ್‌ಗೆ,

ಅಸ್ಸಲಾಮು ಅಲೈಕುಂ. ನಾನಿಲ್ಲಿ ಸೌಖ್ಯ. ಕಲ್ಲಡ್ಕದಲ್ಲಿ ಉಮ್ಮನೂ ನೀನೂ ಸೌಖ್ಯವೆಂದು ತಿಳಿದಿದ್ದೇನೆ. ಉಪವಾಸ ಮುಗಿಯುತ್ತಾ ಬಂತು. ಹಬ್ಬ ಕಳೆದ ಮೇಲೆ ನನ್ನ ರೂಮಿನ ಮೂಸಾ ರಜೆಯಲ್ಲಿ ಊರಿಗೆ ಬರುವವನಿದ್ದಾನೆ. ಅವನ ಕೈಯಲ್ಲಿ ಪೆಟ್ಟಿಗೆ ಕಳಿಸುತ್ತೇನೆ. ಉಮ್ಮನಿಗೆ ಕಂಬಳಿ, ಕಾಲುನೋವಿನ ಮುಲಾಮು, ಅಕ್ಕನ ಮಕ್ಕಳಿಗೆ ಬಟ್ಟೆ. ನಿನ್ನದು ತಳದಲ್ಲಿ ಹಸಿರು ಟವೆಲಿನೊಳಗೆ ಉಂಟು.

ಅಂಚೆ ಮೂಲಕ ಬಿ.ಎ. ಕಟ್ಟಿದ್ದೇನೋ ಆಯಿತು, ಇಂಗ್ಲಿಷ್ ಪಾಠದಲ್ಲಿ ಗೆರೆಗೆ ನಾಲ್ಕು ಶಬ್ದ ತಿಳಿಯುವುದಿಲ್ಲ, ತವರಿನಿಂದ ತಂದ ಡಿಕ್ಷನರಿಯನ್ನು ಒರಲೆ ತಿಂದು 'ಎಂ' ಅಕ್ಷರದಿಂದ ಮುಂದೆ ಬರೀ ಮಣ್ಣು ಉಳಿದಿದೆ ಎಂದು ನೀನು ಬರೆದಿದ್ದೆ. ಅದನ್ನು ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಈಗ ಒರಲೆ ತಿನ್ನಲಾಗದ ಡಿಕ್ಷನರಿ ಕಳಿಸುತ್ತಿದ್ದೇನೆ. ಅಂಗೈ ಅಗಲದ ಯಂತ್ರ. ಮುಚ್ಚಳ ತೆರೆದು ಶಬ್ದದ ಅಕ್ಷರಗಳನ್ನು ಒತ್ತಿದರೆ ಅರ್ಥ ಮೂಡುತ್ತದೆ. ಅಂಗಡಿಯಲ್ಲಿ ಹತ್ತಾರು ಬಗೆಯವು ಇದ್ದವು. ಒಂದೊಂದನ್ನೂ ಹೊರಗೆ ತೆಗೆಸಿ, ಎಲ್ಲ ಕೀಲಿ ಒತ್ತಿ ನೋಡಿ, ಇದೇ ಆಗಬೇಕೆಂದು ಹಟ ಹಿಡಿದು ತಂದಿದ್ದೇನೆ. ಅಂಗಡಿಯ ಮಲಬಾರಿ ನನ್ನನ್ನು ಇಂಜಿನಿಯರ್ ಎಂದೇ ತಿಳಿದಿರಬೇಕು.

ಪೆಟ್ಟಿಗೆಯನ್ನು ಉಮ್ಮನೇ ಬಿಚ್ಚಲಿ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹಾಗೆ. ನಿನ್ನ ಓದಿಗೆ ಉಮ್ಮನನ್ನು ಒಪ್ಪಿಸಲು ನಾನು ಪಟ್ಟ ಪಾಡು ನಿನಗೆ ಗೊತ್ತುಂಟು. ಭಾವ ಅಬ್ದುಲ್ ರಹಿಮಾನ್ ಈಗಲೂ ಒಪ್ಪಿಲ್ಲ. 'ಮನೆಯಲ್ಲಿ ಕೂತುಕೊಳ್ಳುವ ಹೆಂಗಸಿಗೆ ಬಿ.ಎ. ಯಾಕೆ, ಒಲೆಗೆ ಹಾಕ್ಲಿಕ್ಕಾ' ಎಂದು ಅಕ್ಕನ ಹತ್ತಿರ ಹೇಳಿದರಂತೆ. ಮೇ ತಿಂಗಳ ಪರೀಕ್ಷೆಯಲ್ಲಿ ಪಾಸಾಗಿ ಅವರ ಬಾಯಿ ಮುಚ್ಚಿಸು.

ಉಮ್ಮನಿಗೆ ಬರೆದ ಪತ್ರವನ್ನು ಇದರ ಜೊತೆಗೇ ಇಟ್ಟಿದ್ದೇನೆ. ಎಂದಿನಂತೆ ಓದಿ ಹೇಳು. ಉಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸು.

ನಿನ್ನ
ಉನೈಸ್

*

ಕಲ್ಲಡ್ಕ
16 ಫೆಬ್ರವರಿ 1999

ಪ್ರೀತಿಯ ಯಜಮಾನರಿಗೆ ಶಹನಾಝ್ ಮಾಡುವ ಸಲಾಂ.

ಪೆಟ್ಟಿಗೆ ತಲುಪಿತು. ಉಮ್ಮನೇ ಬಿಚ್ಚಲಿ ಎಂದು ನೀವು ಬರೆದಂತೆ ಮಾಮಿ ಚಾವಡಿಯ ನಡುವೆ ಚಾಪೆ ಹಾಸಿ ಕುಳಿತು ಹಗ್ಗ ಬಿಚ್ಚಿದರು. ನಾನು ಬಾಗಿಲಲ್ಲಿ ನಿಂತಿದ್ದೆ, ಮುಂದೆ ಹೋಗಲಿಲ್ಲ. ಹಸಿರು ಟವೆಲಿನೊಳಗಿನದನ್ನು ತೆರೆದು, ಪೌಡರಿನ ಡಬ್ಬಿ ಎಂದುಕೊಂಡು, 'ಇದರ ಕನ್ನಡಿ ಎಲ್ಲಿ ಬಿದ್ದುಹೋಯಿತು' ಎಂದು ಟವೆಲನ್ನು ಎರಡು ಸಲ ಕೊಡವಿದರು. ಆಮೇಲೆ ಅದನ್ನು ಶೋಕೇಸಿನಲ್ಲಿ ಗಡಿಯಾರದ ಪಕ್ಕ ಇಟ್ಟು ಬೀಗ ಹಾಕಿದರು. ಗಲ್ಫಿನ ಸಾಮಾನು, ಬಂದವರು ನೋಡಲಿ ಎಂದು. ಒಳಗೆ ಬ್ಯಾಟರಿ ಉಂಟು, ಉಪಯೋಗಿಸದಿದ್ದರೆ ನೀರು ಬಿಟ್ಟು ಶೋಕೇಸನ್ನೇ ಹಾಳು ಮಾಡುತ್ತದೆ ಎಂದು ಹೆದರಿಸಿದ ಮೇಲೆ ನನ್ನ ಕೈಗೆ ಬಂತು.

ಮಧ್ಯಾಹ್ನ ಮಾಮಿ ಮಲಗಿದ ಮೇಲೆ ನನ್ನ ಓದು. ಅಕ್ಕನ ಮಕ್ಕಳು ಬಂದರೆ ಕೀಲಿಗಳನ್ನು ಕುಟ್ಟುತ್ತವೆ, ಅದಕ್ಕೆ ಚಿಲಕ ಹಾಕಿಕೊಳ್ಳುತ್ತೇನೆ. ಪಾಠ ಮಾತ್ರವಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಅಂಗಡಿಯಿಂದ ಮೆಣಸು ಕಟ್ಟಿಕೊಂಡು ಬಂದ ಇಂಗ್ಲಿಷ್ ಪೇಪರಿನ ಚೂರನ್ನು ಬಿಡಿಸಿ, ಹಡಗು ಮುಳುಗಿದ ಸುದ್ದಿಯೊಂದನ್ನು ಅರ್ಧ ಓದಿದೆ. ಉಳಿದರ್ಧ ಯಾರ ಮನೆಗೆ ಕೊತ್ತಂಬರಿ ಕಟ್ಟಿಕೊಂಡು ಹೋಯಿತೋ. ನೀವು ಕಳಿಸಿದ ಮುಲಾಮಿನ ಚೀಟಿಯನ್ನೂ ಓದಿದೆ. ಒಡೆದ ಚರ್ಮಕ್ಕೆ ಹಚ್ಚಬಾರದು ಎಂದಿತ್ತು. ಮಾಮಿ ಅದನ್ನು ಹಿಮ್ಮಡಿಯ ಬಿರುಕಿಗೆ ತಿಕ್ಕಿಕೊಂಡು 'ಉರಿದರೇ ಮದ್ದು' ಎಂದು ಕಣ್ಣೀರು ಸುರಿಸುತ್ತಿದ್ದರು. ಈಗ ಬಿಟ್ಟಿದ್ದಾರೆ.

ಯಂತ್ರದ ವಿದ್ಯೆಯನ್ನೆಲ್ಲ ನೀವೇ ಒತ್ತಿ ನೋಡಿದ್ದೀರಿ, ನಾನು ಹೊಸತಾಗಿ ವರ್ಣಿಸುವುದೇನು? ನನ್ನ ಜೀವಮಾನದಲ್ಲಿ ಇಷ್ಟು ಇಷ್ಟವಾದ ವಸ್ತು ಯಾರೂ ಕೊಟ್ಟಿರಲಿಲ್ಲ. ಇಷ್ಟೇ ಬರೆಯುತ್ತೇನೆ, ಹೆಚ್ಚು ಬರೆಯಲು ನಾಚಿಕೆ.

ನಿಮ್ಮ
ಶಹನಾಝ್

*

ದಮ್ಮಾಮ್
21 ಮಾರ್ಚ್ 1999

ಪ್ರೀತಿಯ ಉಮ್ಮನಿಗೆ,

ಅಸ್ಸಲಾಮು ಅಲೈಕುಂ. ಭಾವ ಫೋನ್ ಮಾಡಿದರು. ಕೇಳಿದ ಮೇಲೆ ನಾನು ಊಟ ಮಾಡಿಲ್ಲ.

ಮಧ್ಯಾಹ್ನ ನೀವು ಮಲಗಿದ ಮೇಲೆ ಅವಳು ಚಿಲಕ ಹಾಕಿಕೊಳ್ಳುತ್ತಾಳೆ, ಒಳಗೆ ಗಂಡಸೊಬ್ಬ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ, ಅವನು ಹೇಳಿದ್ದನ್ನು ಅವಳೂ ಹೇಳುತ್ತಾಳೆ, ನಗುತ್ತಾಳೆ ಎಂದರು. ನೀವೇ ಮೂರು ದಿನ ಬಾಗಿಲಿನ ಹಿಂದೆ ನಿಂತು ಕೇಳಿದಿರಂತೆ. ಬೇಲಿಯ ಆಚೆಯ ಪೂವಮ್ಮಕ್ಕನೂ ಕೇಳಿ, 'ನಿಮ್ಮಲ್ಲಿ ಇಂಗ್ಲಿಷಿನವರು ಯಾರು ಬಂದದ್ದು' ಎಂದು ವಿಚಾರಿಸಿದರಂತೆ. ಇನ್ನು ಊರಿಗೇ ಗೊತ್ತಾಗಲು ಏನು ಬಾಕಿ? ಪೇಟೆಯಲ್ಲಿ ಯಾರೋ ಮೇಷ್ಟ್ರು ಗಂಟುಬಿದ್ದಿರಬೇಕು, ಕೋಣೆಯ ಹಿಂದಿನ ಬಾಗಿಲಿನಿಂದ ಬಂದು ಹೋಗುತ್ತಿರಬೇಕು ಎಂದು ಭಾವ ಹೇಳುತ್ತಾರೆ. ನನಗೂ ಹಾಗೆಯೇ ಕಾಣುತ್ತದೆ. ಅವಳು ಕಳೆದ ಪತ್ರದಲ್ಲಿ ಚಿಲಕದ ವಿಷಯವನ್ನು ತಾನಾಗಿಯೇ ಬರೆದದ್ದು ಯಾಕೆಂದು ಈಗ ಅರ್ಥವಾಯಿತು. ಕಳ್ಳಿ ಮೊದಲೇ ಬೇಲಿ ಹಾಕಿಟ್ಟಿದ್ದಾಳೆ.

ಅವಳಲ್ಲಿ ಏನೂ ಕೇಳಬೇಡಿ. ಕೇಳಿದರೆ ಕಥೆ ಕಟ್ಟುತ್ತಾಳೆ, ಓದಿದವಳಲ್ಲವಾ. ಮಿಜಾರಿಗೆ ಅವಳ ಅಣ್ಣ ಅಬ್ದುಲ್ ಶುಕೂರರಿಗೆ ಬರೆದಿದ್ದೇನೆ. ಏಪ್ರಿಲ್ ಹನ್ನೊಂದರ ಆದಿತ್ಯವಾರ ಬಂದು ಕರೆದುಕೊಂಡು ಹೋಗುತ್ತಾರೆ. ನಾನು ಬರುವವರೆಗೆ ಅಲ್ಲಿರಲಿ. ಆ ಡಿಕ್ಷನರಿ ಕಸಿದು ಶೋಕೇಸಿನಲ್ಲಿಟ್ಟು ಬೀಗ ಹಾಕಿ. ಪರೀಕ್ಷೆಯೂ ಬೇಡ, ಗಿರೀಕ್ಷೆಯೂ ಬೇಡ. ಓದಿಸಿದ್ದು ನನ್ನ ತಪ್ಪು.

ನಿಮ್ಮ ಮಗ
ಉನೈಸ್

ಈ ಪತ್ರವನ್ನು ಅವಳ ಕೈಗೆ ಕೊಡಬೇಡಿ. ಶುಕ್ರವಾರ ಭಾವ ಬಂದಾಗ ಅವರಲ್ಲಿ ಓದಿಸಿ.

*

ಮಿಜಾರು
13 ಏಪ್ರಿಲ್ 1999

ಕಲ್ಲಡ್ಕದ ಐಸಮ್ಮನವರ ಮಗ ಉನೈಸ್ ಅವರಿಗೆ,

ನೀವು ನಿಮ್ಮ ಉಮ್ಮನಿಗೆ ಬರೆದ ಪತ್ರವನ್ನು ಅವರಿಗೆ ಓದಿ ಹೇಳಿದವಳು ನಾನು.

ಅದು ಬಂದದ್ದು ಗುರುವಾರ. ಮಾಮಿ ಎಂದಿನಂತೆ ಲಕೋಟೆಯನ್ನು ನನ್ನ ಕೈಗೆ ಕೊಟ್ಟು, ವೀಳ್ಯದ ತಟ್ಟೆ ಹತ್ತಿರ ಎಳೆದುಕೊಂಡು, 'ಓದು ಮಗಳೇ' ಎಂದರು. ಭಾವನಲ್ಲಿ ಓದಿಸಿ ಎಂದು ನೀವು ಬರೆದದ್ದು ಎಲ್ಲಿ? ಎಲ್ಲಕ್ಕಿಂತ ಕೆಳಗೆ, ಸಹಿಯೂ ಆದ ಮೇಲೆ. ಅಲ್ಲಿಗೆ ತಲುಪಬೇಕಾದರೆ ಮೇಲಿನದೆಲ್ಲವನ್ನೂ ದಾಟಿಯೇ ಬರಬೇಕು. ನಿಮ್ಮ ಮನೆಯಲ್ಲಿ ಪತ್ರ ಓದುವವರು ಯಾರು ಎಂಬುದೂ ನಿಮಗೆ ಮರೆತುಹೋಗಿತ್ತು.

ಎರಡನೆಯ ಗೆರೆಗೇ ನನಗೆ ಗೊತ್ತಾಯಿತು. ಸಲಾಂ ಹೇಳಿದ್ದಾರೆ, ಸೌಖ್ಯದಲ್ಲಿದ್ದಾರೆ ಎಂದು ಮಡಚಿ ಇಡಬಹುದಿತ್ತು. ಮದುವೆಯಾಗಿ ಬಂದಂದಿನಿಂದ ನಿಮ್ಮ ಪತ್ರ ಓದುತ್ತಿದ್ದೇನೆ, ಒಂದು ಅಕ್ಷರ ಸೇರಿಸಿದವಳಲ್ಲ, ಬಿಟ್ಟವಳೂ ಅಲ್ಲ. ಇದನ್ನೂ ಹಾಗೆಯೇ ಓದಿದೆ. 'ಕಳ್ಳಿ' ಎಂಬಲ್ಲಿಗೆ ಬಂದಾಗ ಮಾಮಿ ಕೈ ಅಡ್ಡ ಹಿಡಿದು ಸಾಕು ಎಂದರು. 'ಇಲ್ಲ ಮಾಮಿ, ಇನ್ನೂ ಉಂಟು' ಎಂದೆ. ಕೊನೆಯ ಗೆರೆಯವರೆಗೂ ಓದಿದೆ. ನನ್ನ ಕೈಗೆ ಕೊಡಬೇಡಿ ಎಂಬುದನ್ನೂ ನನ್ನ ಬಾಯಿಯಿಂದಲೇ ಹೇಳಿದೆ.

ಆಮೇಲೆ ಕೋಣೆಯಿಂದ ಆ ಗಂಡಸನ್ನು ಕರೆದುಕೊಂಡು ಬಂದೆ. ಪೂವಮ್ಮಕ್ಕನನ್ನು ಕರೆಸಿ ಎಂದೆ, ಭಾವನನ್ನೂ ಕರೆಸಿ ಎಂದೆ. ಭಾವ ಬೈಕಿನಲ್ಲಿ ಬಂದರು. ಅಂಗಳದಲ್ಲಿ ಎಲ್ಲರ ಎದುರು ಮುಚ್ಚಳ ತೆರೆದು, ಪಾಠದಲ್ಲಿ ಬಂದ ಒಂದು ಶಬ್ದ ಹಾಕಿ, ಬಾಯಿಯ ಚಿತ್ರವಿರುವ ಕೀಲಿಯನ್ನು ಒತ್ತಿದೆ. ಡಿಕ್ಷನರಿ ತನ್ನ ಒಣ ಗಂಡುಸ್ವರದಲ್ಲಿ 'ಕ್ಯಾಟರ್‌ಪಿಲ್ಲರ್' ಎಂದಿತು. ಅದು ಹೀಗೆಯೇ ಶಬ್ದವನ್ನು ಹೇಳಿಕೊಡುತ್ತದೆ, ನಾನು ಹಿಂದಿನಿಂದ ಹೇಳಿ ಕಲಿಯುತ್ತೇನೆ, ತಪ್ಪಿದಾಗ ನಗು ಬರುತ್ತದೆ. ಮಧ್ಯಾಹ್ನ ಬರುತ್ತಿದ್ದ ಮೇಷ್ಟ್ರು ಇವರು.

ಪೂವಮ್ಮಕ್ಕ ಯಂತ್ರವನ್ನು ಬಗ್ಗಿ ನೋಡಿ, 'ಇವನಾ ಜನ!' ಎಂದರು. ಎಲ್ಲರೂ ನಕ್ಕರು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಮ್ಮೆ ಹೇಳಿಸು, ನನ್ನ ಹೆಸರು ಹೇಳ್ತದಾ ನೋಡುವ ಎಂದರು. ಮಾಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಚಹಾ ಆಯಿತು. 'ಆಯಿತಲ್ಲ ಮಾರಾಯ್ತಿ, ಇನ್ನು ಬಿಡು' ಎಂದು ಎಲ್ಲರೂ ನನಗೆ ಹೇಳಿದರು. ನಾನೊಬ್ಬಳು ನಗಲಿಲ್ಲ. ಅದು ಅವರಿಗೆ ದೊಡ್ಡ ಕೊರತೆಯಾಗಿ ಕಂಡಿತು.

ಆದಿತ್ಯವಾರ ಅಣ್ಣ ಜೀಪು ತಂದರು. ವಿಷಯ ಮುಗಿದಿದೆ, ತಮಾಷೆಯಾಯಿತು, ಊಟ ಮಾಡಿ ಹೋಗಿ ಎಂದು ಮಾಮಿ ಅವರಿಗೆ ಹೇಳಿದರು. ಅಣ್ಣ ಊಟ ಮಾಡುವಾಗ ನಾನು ನನ್ನ ಚೀಲವನ್ನು ಜೀಪಿನಲ್ಲಿಟ್ಟು ಒಳಗೆ ಕುಳಿತೆ. ಕಳಿಸಿ ಎಂದದ್ದು ನೀವು. ಹೊರಟದ್ದು ನನ್ನ ಇಷ್ಟದಿಂದ.

ಎಲ್ಲ ಕೀಲಿ ಒತ್ತಿ ನೋಡಿದ್ದೇನೆ ಎಂದು ಬರೆದಿದ್ದಿರಿ. ನೀವು ಅದರ ಮುಚ್ಚಳವನ್ನೇ ತೆರೆದಿರಲಿಲ್ಲ. ತೆರೆದಿದ್ದರೆ ಭಾವನ ಫೋನಿಗೆ ಅಲ್ಲಿಯೇ ಉತ್ತರ ಇತ್ತು. ಆ ಜಂಬಕ್ಕೆ ನನಗೆ ಸಿಟ್ಟಿಲ್ಲ. ಮೂರು ದಿನ ಬಾಗಿಲಿನ ಹಿಂದೆ ನಿಂತವರಿಗೆ ಒಮ್ಮೆ ತಟ್ಟಲು ಕೈ ಬರಲಿಲ್ಲ. ನಿಮಗೆ ನನಗೊಂದು ಪತ್ರ ಬರೆಯಲು ಬರಲಿಲ್ಲ. ಕೇಳಬೇಡಿ ಎಂದು ಬರೆದಿರಿ. ನಾನು ಉತ್ತರ ಕೊಡುವ ಮೊದಲೇ ನನ್ನ ಉತ್ತರ ಸುಳ್ಳಾಯಿತು. ನನ್ನ ಸಿಟ್ಟು ಅದಕ್ಕೆ.

ಶಹನಾಝ್

*

ದಮ್ಮಾಮ್
30 ಏಪ್ರಿಲ್ 1999

ಪ್ರೀತಿಯ ಶಹನಾಗೆ,

ನಿನ್ನ ಪತ್ರ ಓದಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ರೂಮಿನಲ್ಲಿ ಓದಿ ಹೇಳಿದೆ. ಪೂವಮ್ಮಕ್ಕನ ಮಾತು ಬಂದಾಗ ಎಲ್ಲರೂ ಹಾಸಿಗೆಯ ಮೇಲೆ ಬಿದ್ದು ನಕ್ಕರು. ಈಗ ನಾನು ಡ್ಯೂಟಿಗೆ ಹೊರಟರೆ 'ಕ್ಯಾಟರ್‌ಪಿಲ್ಲರ್ ಬಂದ' ಎನ್ನುತ್ತಾರೆ. ಮೂಸಾನೂ ರಜೆ ಮುಗಿಸಿ ಬಂದಿದ್ದಾನೆ. ಹೊರಗೆ ಹೋಗಿದ್ದ, ಅವನಿಗೆ ಇನ್ನೂ ಹೇಳಬೇಕಷ್ಟೆ.

ಅಂಗಡಿಯವನು ಕೊನೆಯ ಗಳಿಗೆಯಲ್ಲಿ ಪೆಟ್ಟಿಗೆ ಬದಲಾಯಿಸಿರಬೇಕು. ನಾನು ನೋಡಿದ್ದು ಮಾತಾಡುತ್ತಿರಲಿಲ್ಲ.

ದೂರದಲ್ಲಿರುವವನಿಗೆ ಕಿವಿಗೆ ಬಿದ್ದದ್ದೇ ಸತ್ಯ, ಅಷ್ಟು ನಿನಗೂ ಗೊತ್ತಾಗಬೇಕು. ಎಲ್ಲರೂ ನಕ್ಕ ಮೇಲೆ ಅದನ್ನು ಹಿಡಿದು ಎಳೆಯಬಾರದು. ಮಳೆ ಹಿಡಿಯುವ ಮೊದಲು ಕಲ್ಲಡ್ಕಕ್ಕೆ ಹೋಗು. ಉಮ್ಮ ಒಬ್ಬರೇ ಇದ್ದಾರೆ. ಪರೀಕ್ಷೆ ಈ ಸಲ ಬೇಡ, ಮುಂದಿನ ವರ್ಷ ನೋಡುವ. ನಿನಗೊಂದು ವಾಚು ತೆಗೆದಿಟ್ಟಿದ್ದೇನೆ. ಅದು ಮಾತಾಡುವುದಿಲ್ಲ, ಚೆನ್ನಾಗಿ ನೋಡಿದ್ದೇನೆ.

ನಿನ್ನ
ಉನೈಸ್

*

ಮಿಜಾರು
24 ಮೇ 1999

ಉನೈಸ್ ಅವರಿಗೆ,

ವಾಚು ಬೇಡ.

ಪರೀಕ್ಷೆ ಬರೆದೆ. ಅತ್ತಿಗೆ ಮಂಗಳೂರಿಗೆ ಜೊತೆಯಲ್ಲಿ ಬಂದು, ನಾನು ಬರೆದು ಹೊರಗೆ ಬರುವವರೆಗೂ ಗೇಟಿನ ಹತ್ತಿರ ಕುಳಿತಿದ್ದರು. ಬೇಡ ಎಂದ ನಿಮ್ಮ ಪತ್ರ ಆ ಮೊದಲೇ ತಲುಪಿತ್ತು. ಓದಿದ ಮೇಲೆಯೇ ಹೋದೆ.

ನೀವು ಒಳ್ಳೆಯ ಕಥೆಗಾರರು, ಮದುವೆಯ ಹೊಸತರಲ್ಲಿ ನಾನೇ ಬಾಯಿ ಬಿಟ್ಟು ಕೇಳುತ್ತಿದ್ದೆ. ಆದರೆ ಈ ಕಥೆಯನ್ನು ನೀವು ನಡುವಿನಿಂದ ಹೇಳುತ್ತಿದ್ದೀರಿ. ಯಂತ್ರ ಮಾತಾಡಿದ್ದನ್ನು ಹೇಳುತ್ತೀರಿ. ಹೆಂಡತಿಯನ್ನು ಕಳ್ಳಿ ಎಂದು ಬರೆದದ್ದನ್ನು, ಅದನ್ನು ಅವಳೇ ಅತ್ತೆಗೆ ಓದಿ ಹೇಳಿದ್ದನ್ನು ರೂಮಿನಲ್ಲಿ ಹೇಳಿದಿರಾ? ಮೂಸಾನಿಗೆ ಇನ್ನೂ ಹೇಳಿಲ್ಲವಲ್ಲ, ಅವನಿಗೆ ಮೊದಲಿನಿಂದ ಹೇಳಿ. ಯಾರು ನಗುತ್ತಾರೆಂದು ನೋಡಿ.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎನ್ನುತ್ತಾರೆ. ನೀವು ಕೊಯ್ದದ್ದು ಕೋಪದಲ್ಲಿ. ಉಳಿದವರು ನಗುತ್ತಾ ಅದನ್ನು ನೋಡಿದರು. ಅಂಗಳದಲ್ಲಿ ನಕ್ಕವರೆಲ್ಲರ ಎದುರು ಓದುವಂಥ ಪತ್ರವನ್ನು ನಿಮ್ಮ ಉಮ್ಮನಿಗೆ ಬರೆಯಿರಿ. ಸುಳ್ಳು ಹೇಳಿದ್ದು ಯಾರು, ನಂಬಿದ್ದು ಯಾರು, ಕೇಳದೆ ಇದ್ದದ್ದು ಯಾರು, ಹೆಸರು ಹಾಕಿ ಬರೆಯಿರಿ. ಅಲ್ಲಿಯವರೆಗೆ ನಾನು ಆ ಮೆಟ್ಟಿಲು ಹತ್ತುವುದಿಲ್ಲ.

ಶಹನಾಝ್

*

ದಮ್ಮಾಮ್
18 ಜೂನ್ 1999

ಶಹನಾಝ್‌ಗೆ,

ಗಂಡನಿಗೆ ಶರತ್ತು ಹಾಕುವುದನ್ನೂ ಆ ಯಂತ್ರ ಕಲಿಸಿತಾ? ಬೇಡ ಎಂದ ಪರೀಕ್ಷೆಗೆ ಹೋಗುವುದನ್ನೂ? ನಾನು ಇಲ್ಲಿ ಈ ಬೆಂಕಿಯಲ್ಲಿ ಲಾರಿಯಿಂದ ಕೋಲ್ಡ್ ಸ್ಟೋರೇಜಿಗೆ ಕೋಳಿಯ ಪೆಟ್ಟಿಗೆ ಇಳಿಸುತ್ತಾ, ಒಳಗೆ ಹಿಮ ಹೊರಗೆ ಬೆಂಕಿ ಎಂದು ಓಡಾಡುತ್ತಾ ಇರುವುದು ನಿನ್ನಿಂದ ಪಾಠ ಹೇಳಿಸಿಕೊಳ್ಳಲಿಕ್ಕಲ್ಲ. ಭಾವ ನನ್ನ ಅಕ್ಕನ ಗಂಡ. ಅವರ ಹೆಸರು ಹಾಕಿ ಅಂಗಳದಲ್ಲಿ ಓದಿಸಿದರೆ ಅಕ್ಕ ಅವರ ಮನೆಯಲ್ಲಿ ಬದುಕುವುದು ಹೇಗೆ? ಅದನ್ನು ಯೋಚಿಸಿದೆಯಾ? ನಾನು ಬರೆಯುವುದಿಲ್ಲ.

ಉಮ್ಮನ ಪತ್ರ ಬಾರದೆ ಎಷ್ಟು ಸಮಯವಾಯಿತು. ಭಾವನ ಕೈಯಲ್ಲಿ ಬರೆಸಿದ್ದು ಬಂತು, ನಾಲ್ಕು ಗೆರೆ. ಎಲ್ಲರೂ ಕ್ಷೇಮ, ಮಳೆ ಉಂಟು, ಇಷ್ಟೇ. ಅದರಲ್ಲಿ ಉಮ್ಮನ ಸ್ವರವೇ ಇಲ್ಲ. ಉಮ್ಮನ ಹಿಮ್ಮಡಿ ಹೇಗುಂಟು, ಬಾವಿಯ ನೀರು ಕಲಕಿತಾ, ಕಪ್ಪು ಆಡು ಈದಿತಾ, ಏನೂ ಇಲ್ಲ. ನೀನು ಬರೆದರೆ ಉಮ್ಮ ಗದರಿಸುವುದೂ ಕೇಳುತ್ತಿತ್ತು.

ನೀನು ಹೇಳಿದಂತೆ ಮೂಸಾನಿಗೆ ಕಥೆಯನ್ನು ಮೊದಲಿನಿಂದ ಹೇಳಿದೆ. ಉಳಿದವರೂ ಇದ್ದರು. ಯಾರೂ ನಗಲಿಲ್ಲ. ಮೂಸಾ ಟವೆಲು ತೆಗೆದುಕೊಂಡು ಸ್ನಾನಕ್ಕೆ ಎದ್ದು ಹೋದ. ಆಮೇಲೆ ನನ್ನಲ್ಲಿ ಸರಿಯಾಗಿ ಮಾತಾಡಿಲ್ಲ. ಅದರ ಸಿಟ್ಟೂ ನಿನ್ನ ಮೇಲೆಯೇ ಉಂಟು.

ಉನೈಸ್

*

ಮಿಜಾರು
12 ಸೆಪ್ಟೆಂಬರ್ 1999

ಉನೈಸ್ ಅವರಿಗೆ,

ನಿಮ್ಮ ಜೂನ್ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಬರೆಯುವುದಿಲ್ಲ ಎಂದವರಿಗೆ ಏನು ಬರೆಯುವುದು? ಈಗ ಬರೆಯಬೇಕಾಗಿದೆ.

ಕಳೆದ ತಿಂಗಳು ಮಾಮಿ ಇಲ್ಲಿಗೆ ಬಂದರು. ಒಬ್ಬರೇ. ಬಿ.ಸಿ. ರೋಡಿನಲ್ಲಿ ಒಮ್ಮೆ, ಮೂಡುಬಿದಿರೆಯಲ್ಲಿ ಒಮ್ಮೆ ಬಸ್ಸು ಬದಲಾಯಿಸಿ, ಕೇಳುತ್ತಾ ಕೇಳುತ್ತಾ ಬಂದರು. ಸೊಂಟದಲ್ಲಿ ನೀವು ಅವರಿಗೆ ಬರೆದ ಹೊಸ ಪತ್ರ ಇತ್ತು, ಲಕೋಟೆ ಒಡೆದಿರಲಿಲ್ಲ. ಭಾವನ ಕೈಗೆ ಕೊಡಲು ಮನಸ್ಸಾಗಲಿಲ್ಲವಂತೆ. ಎಷ್ಟು ಉದ್ದದ ಪತ್ರವನ್ನೂ ಅವರು ಎರಡು ಮಾತಿನಲ್ಲಿ ಮುಗಿಸುತ್ತಾರೆ ಎಂದರು. ನನ್ನ ಕೈಯಲ್ಲಿಟ್ಟು 'ಓದು ಮಗಳೇ' ಎಂದರು.

ನಾನು ಒಡೆಯಲಿಲ್ಲ. ಒಳಗೆ ಏನಿದೆಯೆಂದು ತಿಳಿಯದೆಯೇ ಹಿಂದೆ ಕೊಟ್ಟೆ. ಬೈಗುಳ ಇದ್ದರೆ ನನ್ನ ಬಾಯಿಯಿಂದ ಇನ್ನೊಮ್ಮೆ ಬರುವುದು ಬೇಡ. ಬೇರೆ ಏನಾದರೂ ಇದ್ದರೆ ಅದು ಕೇಳಬೇಕಾದದ್ದು ಈ ಜಗಲಿಯಲ್ಲಲ್ಲ, ಆ ಅಂಗಳದಲ್ಲಿ. ಭಾವನೇ ಓದಲಿ ಎಂದೆ. ಮಾಮಿಗೆ ಕೆಟ್ಟ ಸಿಟ್ಟು ಬಂತು. ಚಹಾವನ್ನೂ ಮುಟ್ಟದೆ ಎದ್ದು ಬಸ್ಸು ಹತ್ತಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮೊನ್ನೆ ಪುನಃ ಬಂದರು. ಈ ಸಲ ಕುಳಿತು ನೀರು ಕುಡಿದು, ನಡೆದದ್ದನ್ನು ಹೇಳಿದರು.

ಅದೇ ಅಂಗಳಕ್ಕೆ ಪೂವಮ್ಮಕ್ಕನನ್ನೂ ಕರೆಸಿದರಂತೆ. ಭಾವ ಕುರ್ಚಿಯಲ್ಲಿ ಕುಳಿತು ಓದಿದರಂತೆ. ಸಲಾಂ, ಸೌಖ್ಯ, ಆಡು, ಬಾವಿ. ಒಂದು ಬದಿ ಮುಗಿದ ಕೂಡಲೆ ಮಡಚಿ ಕಿಸೆಗೆ ಹಾಕಲು ಹೋದರಂತೆ. ಅಳಿಯನ ಎದುರು ನಿಂತು ಮಾತಾಡಿದವರಲ್ಲ ಮಾಮಿ, ನಿಮಗೂ ಗೊತ್ತು. ಬಾಗಿಲಿನ ಮರೆಯಲ್ಲಿಯೇ ನಿಂತು ಹೇಳಿದರಂತೆ.

'ಮಗುಚಿ ನೋಡಿ. ಆಚೆ ಬದಿಯಲ್ಲಿಯೂ ಶಾಯಿ ಕಾಣ್ತದೆ.'

ಅದು ಸುಮ್ಮನೆ ಎಲ್ಲರಿಗೂ ಸಲಾಂ ಬರೆದದ್ದು ಎಂದರಂತೆ ಭಾವ.

'ಸಲಾಮನ್ನೂ ಓದಿ. ನನ್ನ ಮಗ ಬರೆದದ್ದಲ್ವಾ.'

ಆಮೇಲೆ ಓದಲೇಬೇಕಾಯಿತು. ನೀವು ಬರೆದದ್ದೆಲ್ಲ ಮಾಮಿಗೆ ಬಾಯಿಗೆ ಬಂದಿದೆ, ನನಗೆ ಅಕ್ಷರ ಬಿಡದೆ ಹೇಳಿದರು. 'ಭಾವ ನೋಡದೆ ಹೇಳಿದರು, ನಾನು ಕೇಳದೆ ನಂಬಿದೆ, ಉಮ್ಮ ಬಾಗಿಲ ಹಿಂದೆ ನಿಂತರೂ ತಟ್ಟಲಿಲ್ಲ. ಆ ಯಂತ್ರವನ್ನು ನಾನು ತೆರೆದಿರಲೇ ಇಲ್ಲ. ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ನನಗೆ ಓದಲು ಬರುವುದಿಲ್ಲ. ಶಹನಾಝ್‌ಳಲ್ಲಿ ಯಾವ ತಪ್ಪೂ ಇಲ್ಲ. ನಗಬೇಡಿ.'

ಯಾರೂ ನಗಲಿಲ್ಲವಂತೆ. ಭಾವ ಪತ್ರವನ್ನು ಕುರ್ಚಿಯ ಮೇಲೆ ಬಿಟ್ಟು ಬೈಕು ಹತ್ತಿದರಂತೆ. ಅಂದಿನಿಂದ ಶುಕ್ರವಾರ ಬರುವುದಿಲ್ಲ. ಅಕ್ಕನಿಗೆ ಇದರಿಂದ ಕಷ್ಟವಾಗಿದೆಯೆಂದು ಮಾಮಿಯೇ ಹೇಳಿದರು. ನೀವು ಹೆದರಿದ್ದು ಸುಳ್ಳಲ್ಲ. ಅದು ನನಗೆ ನೋವು ತಂದಿತು. ಆದರೂ ಕೇಳಿದ್ದು ತಪ್ಪೆಂದು ನನಗೆ ಅನಿಸುವುದಿಲ್ಲ.

ಮಾಮಿ ತಪ್ಪಾಯಿತು ಎನ್ನಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ, 'ಮೂರು ದಿನ ನಿಂತು ಕಾಲು ಸೇದ್ತಿತ್ತು ಮಗಳೇ. ಆದರೂ ಬಾಗಿಲು ತಟ್ಟಲಿಲ್ಲ ನೋಡು' ಎಂದರು. ಮನೆಗೆ ಬಾ ಎಂದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಇಂಗ್ಲಿಷಿನಲ್ಲಿ ಪಾಸಾಗಿದ್ದೇನೆ. ರೂಮಿನಲ್ಲಿ ಹೇಳುವುದಿದ್ದರೆ ಅದನ್ನು ಹೇಳಿ.

ನೀವು ಉಮ್ಮನಿಗೆ ಬರೆದಿರಿ, ಊರವರಿಗೆ ಕೇಳುವಂತೆ ಬರೆದಿರಿ. ನನಗೆ ಬರೆಯಲಿಲ್ಲ. ಕ್ಷಮೆಯ ಪತ್ರ ನನಗೆ ಬೇಡ. ಭಾವನ ಫೋನು ಬಂದ ದಿನ ನೀವು ನನಗೊಂದು ಪತ್ರ ಬರೆಯಬೇಕಿತ್ತು. ಗಂಡನಾದವನು ಬರೆಯುವ ಪತ್ರ. ಅದು ಇನ್ನೂ ಬಂದಿಲ್ಲ. ಅದನ್ನು ಬರೆಯಿರಿ. ಓದಿದ ಮೇಲೆ ಕಲ್ಲಡ್ಕದ ಬಸ್ಸಿನ ವಿಷಯ ನಾನು ಯೋಚಿಸುತ್ತೇನೆ.

ಶಹನಾಝ್

*

ದಮ್ಮಾಮ್
3 ಅಕ್ಟೋಬರ್ 1999

ಶಹನಾಝ್‌ಗೆ,

ಅಸ್ಸಲಾಮು ಅಲೈಕುಂ.

ಮಧ್ಯಾಹ್ನ ನಿನ್ನ ಕೋಣೆಯಲ್ಲಿ ಗಂಡಸಿನ ಸ್ವರ ಕೇಳುತ್ತದೆ ಎಂದು ಭಾವ ಫೋನಿನಲ್ಲಿ ಹೇಳಿದರು. ನನಗೆ ಅರ್ಥವಾಗಲಿಲ್ಲ. ಅದು ಏನು?

ಬೇರೆ ಯಾರಲ್ಲಿಯೂ ನಾನು ವಿಚಾರಿಸಿಲ್ಲ. ನೀನು ಬರೆದು ತಿಳಿಸು.

ಉನೈಸ್